ಸುಟ್ಟ ಕಾಮ, ಗೆದ್ದ ಕಾಮ, ನಿಂತ ಕಾಮ

ನಮ್ಮ ಪುರಾಣಗಳ ಪುರುಷದೇವತೆಗಳಲ್ಲಿ ಕಾಮನಷ್ಟು ಪರಸ್ಪರ ವಿರುದ್ಧವಾದ ರೂಪಗಳನ್ನು ತಳೆದವರು ವಿರಳ. ಋಗ್ವೇದದ ನಾಸದೀಯ ಸೂಕ್ತದಲ್ಲಿ ಕಾಮವು ಮನಸ್ಸಿನ ಮೊದಲ ಬೀಜ. ಅಥರ್ವವೇದದಲ್ಲಿ ಕಾಮನು ಸ್ತುತ್ಯನಾದ ದೇವತೆ. ಅಶ್ವಘೋಷನ ಬುದ್ಧಚರಿತದಲ್ಲಿ ಲೋಕವು ಕಾಮದೇವನೆಂದು ಕರೆಯುವವನೇ ಮೋಕ್ಷದ ವೈರಿಯಾದ ಮಾರ. ಕಾಳಿದಾಸನ ಕುಮಾರಸಂಭವದಲ್ಲಿ ಅವನು ಶಿವನ ಹಣೆಗಣ್ಣಿಗೆ ಬೂದಿಯಾಗುತ್ತಾನೆ. ಇವುಗಳಲ್ಲಿ ನಿಜವಾದ ಕಾಮ ಯಾರೆಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರತಿಯೊಂದು ಪರಂಪರೆಯೂ ಬಯಕೆಯೊಡನೆ ತಾನು ಮಾಡಿಕೊಂಡ ಒಪ್ಪಂದವೇನು ಎಂದು ಕೇಳುವುದು ಹೆಚ್ಚು ಫಲಪ್ರದವೆಂದು ನನಗೆ ತೋರುತ್ತದೆ.

ಕಾಮದಹನದ ಕಥೆಯನ್ನು ವೈರಾಗ್ಯದ ಜಯವೆಂದಷ್ಟೇ ಓದಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಕಾಳಿದಾಸನಲ್ಲಿಯೂ ನಮ್ಮ ಹರಿಹರನ ಗಿರಿಜಾಕಲ್ಯಾಣದಲ್ಲಿಯೂ ಕಾಮನನ್ನು ಸುಟ್ಟ ಶಿವನೇ ಮುಂದೆ ಪಾರ್ವತಿಯನ್ನು ವರಿಸುತ್ತಾನೆ. ಸುಟ್ಟದ್ದು ಶರೀರವನ್ನು, ಕಾಮ ಅನಂಗನಾಗಿ ಉಳಿಯುತ್ತಾನೆ. ಬಾಣದಿಂದ ಸಾಧ್ಯವಾಗದ್ದು ಪಾರ್ವತಿಯ ತಪಸ್ಸಿನಿಂದ ಸಾಧ್ಯವಾಗುತ್ತದೆ. ಬಯಕೆಯನ್ನು ತಪಸ್ಸಿನ ಮೂಲಕ ಹಾಯಿಸಿ ಗೃಹಸ್ಥಧರ್ಮಕ್ಕೆ ತರುವುದೇ ಈ ಕಥೆಯ ಒಳನಡೆ. ಉತ್ತರ ಕರ್ನಾಟಕದ ಕಾಮನ ಹಬ್ಬದಲ್ಲಿ ಜನ ಕಾಮನನ್ನು ಸುಡುತ್ತಾರೆ, ಹಲಗೆ ಬಾರಿಸುತ್ತಾರೆ, ಬಾಯಿಯನ್ನೂ ಬಡಿದುಕೊಳ್ಳುತ್ತಾರೆ. ಸುಡುವವರೇ ಅಳುವ ಈ ಆಚರಣೆ ಕಾವ್ಯದ ದ್ವಂದ್ವವನ್ನು ತನ್ನದೇ ರೀತಿಯಲ್ಲಿ ಉಳಿಸಿಕೊಂಡಿದೆ.

13ನೆಯ ಶತಮಾನದ ಜೈನಕವಿ ಆಂಡಯ್ಯ ಇದೇ ಕಥೆಯನ್ನು ತಿರುಗಿಸಿದ. ಸಂಸ್ಕೃತ ತತ್ಸಮಗಳನ್ನು ದೂರವಿಟ್ಟು ರಚಿಸಿದ ಕಬ್ಬಿಗರ ಕಾವದಲ್ಲಿ ಚಂದ್ರನಿಗಾಗಿ ಯುದ್ಧಕ್ಕೆ ಹೊರಟ ಕಾಮ ಶಿವನನ್ನು ಅರ್ಧನಾರಿಯಾಗಿಸುತ್ತಾನೆ. ಇದನ್ನು ಮತೀಯ ಪ್ರತೀಕಾರವೆಂದು ಹೇಳಿ ಮುಗಿಸುವುದು ಸುಲಭ. ಆದರೆ ದಾರಿಯಲ್ಲಿ ಜೈನಮುನಿಯನ್ನು ಕಂಡ ಅದೇ ಕಾಮ ಅವನಿಗೆ ತಲೆಬಾಗುತ್ತಾನೆ ಎಂಬುದನ್ನು ಮರೆಯಬಾರದು. ರೋಷದಿಂದ ಎದುರಿಸಿದವನು ಸೋಲುತ್ತಾನೆ. ಎದುರಿಸುವ ಅಗತ್ಯವೇ ಇಲ್ಲದವನ ಮುಂದೆ ಕಾಮನೇ ಸೋಲುತ್ತಾನೆ. ಕಾವ್ಯದ ತಾತ್ವಿಕ ನಿಲುವು ಇಲ್ಲಿದೆ.

ಈ ನಿಲುವಿನ ಬೇರು ಜೈನರ ಕಾಮದೇವ ಕಲ್ಪನೆಯಲ್ಲಿದೆ. ಆ ಪರಂಪರೆಯಲ್ಲಿ ಕಾಮದೇವರು 24 ಮಂದಿ. ಅವರು ಅತಿಶಯ ರೂಪವುಳ್ಳ ಮನುಷ್ಯರು. ಮೊದಲನೆಯವನು ಬಾಹುಬಲಿ. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ಅವನು ಅಣ್ಣ ಭರತನನ್ನು ಗೆದ್ದೂ ರಾಜ್ಯವನ್ನು ತೊರೆಯುತ್ತಾನೆ. ಇಲ್ಲಿ ಕಾಮನನ್ನು ಸುಡಲು ಹೊರಗಿನ ದೇವರು ಬೇಕಿಲ್ಲ, ಕಾಮದೇವನೇ ತಪಸ್ವಿ. ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಮಾಡಿಸಿದ ಮೂರ್ತಿಯಲ್ಲಿ ಸೌಂದರ್ಯ ನಾಶವಾಗಿಲ್ಲ, ನಿಶ್ಚಲವಾಗಿದೆ. ‘ಗೊಮ್ಮಟ’ ಶಬ್ದ ‘ಮನ್ಮಥ’ದಿಂದ ಬಂದುದೆಂದು ಗೋವಿಂದ ಪೈ ಸಾಧಿಸಿದರು, ಅದು ಚಾವುಂಡರಾಯನ ಹೆಸರೆಂದು ಆ. ನೇ. ಉಪಾಧ್ಯೆ ವಾದಿಸಿದರು. ವ್ಯುತ್ಪತ್ತಿ ಏನೇ ಇರಲಿ, ಬಾಹುಬಲಿಯ ಕಾಮದೇವತ್ವ ಈ ಚರ್ಚೆಯನ್ನು ಅವಲಂಬಿಸಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಸುಡುವವನು, ಗೆಲ್ಲುವವನು, ತೊರೆಯುವವನು ಎಲ್ಲರೂ ಪುರುಷರೇ. ಬೆಲೆ ತೆರುವವಳು ಗಂಡನ ಬೂದಿಯ ಮುಂದೆ ಕುಳಿತ ರತಿ. ಕುಮಾರಸಂಭವದ ನಾಲ್ಕನೆಯ ಸರ್ಗವನ್ನು ಕರುಣರಸದ ಉದಾಹರಣೆಯಾಗಿ ಮಾತ್ರ ಪಾಠ ಮಾಡುತ್ತ ಬಂದಿದ್ದೇವೆ; ಅದು ಮೂರನೆಯ ಸರ್ಗಕ್ಕೆ ಕೊಟ್ಟ ಉತ್ತರವೂ ಹೌದು. ಶ್ವೇತಾಂಬರ ಪರಂಪರೆಯಲ್ಲಿ, ತಪಸ್ಸಿಗೆ ನಿಂತರೂ ಅಹಂಕಾರ ಬಿಡದ ಬಾಹುಬಲಿಗೆ ಆನೆಯಿಂದ ಇಳಿಯೆಂದು ಎಚ್ಚರಿಸುವವರು ಸೋದರಿಯರಾದ ಬ್ರಾಹ್ಮಿ ಮತ್ತು ಸುಂದರಿ. ಪುರುಷದೇವತೆಗಳ ಕಥೆಗಳನ್ನು ವ್ಯಾಖ್ಯಾನಿಸುವಾಗ ಈ ಸ್ತ್ರೀಯರ ಮಾತನ್ನು ಕೇಳದಿದ್ದರೆ ನಮ್ಮ ಓದೂ ಆನೆಯ ಮೇಲೆಯೇ ಉಳಿಯುತ್ತದೆ.