ಕೀಲಿ ಕೈಯಲ್ಲಿದ್ದರೂ ಸ್ಟಾರ್ಟ್ ಆಗದ ಕಾರು

ಲಾಂಚ್ ಓಡುತ್ತಿದ್ದ ಕಾಲದಲ್ಲಿ ಹೊಳೆಬಾಗಿಲಿನಲ್ಲಿ ಕಾರು ಕೆಟ್ಟರೆ ಅದು ಒಬ್ಬರ ತಾಪತ್ರಯ ಆಗಿರಲಿಲ್ಲ. ಸಾಲಿನ ಮುಂದಿನ ಕಾರು ಅಲುಗದಿದ್ದರೆ ಹಿಂದಿನವರೂ ನಿಲ್ಲಬೇಕು. ಕೊನೆಯ ಲಾಂಚ್ ತಪ್ಪಿದರೆ ಆಚೆ ದಡ ಕಣ್ಣೆದುರೇ ಇದ್ದರೂ ರಾತ್ರಿ ಈಚೆಯೇ. ಕಾರಿನಲ್ಲಿ ರೋಗಿ ಇದ್ದರಂತೂ ಕೇಳುವುದೇ ಬೇಡ.

ಹಳೆಯ ಜೀಪಿಗೆ ಮದ್ದಿತ್ತು. ನಾಲ್ಕು ಜನ ತಳ್ಳಿದರೆ ಆಯಿತು. ಕೀಲಿ ಕಳೆದರೂ ಎರಡು ವೈರ್ ಜೋಡಿಸಿದರೆ ಎಂಜಿನ್ ಗುಡುಗುತ್ತಿತ್ತು. ಕಳ್ಳನಿಗೂ ಅಷ್ಟೇ ಸುಲಭ, ಅನ್ನಿ.

ಆ ಸುಲಭ ತಪ್ಪಿಸಲು ಬಂದದ್ದು ಇಮ್ಮೊಬಿಲೈಸರ್. 1919ರಲ್ಲೇ ಅಮೆರಿಕದಲ್ಲಿ ಇಬ್ಬರು ಇಂಥ ವಿದ್ಯುತ್ ತಡೆಗೆ ಪೇಟೆಂಟ್ ಪಡೆದಿದ್ದರು. 1980ರ ದಶಕದ ಮಧ್ಯದಲ್ಲಿ ಜನರಲ್ ಮೋಟರ್ಸ್ ತನ್ನ ಕಾರ್ವೆಟ್ ಕಾರಿನ ಕೀಲಿಯಲ್ಲಿ ರೆಸಿಸ್ಟರ್ ಕೂರಿಸಿತು. ಇದ್ದದ್ದು 15 ಬಗೆ ಮಾತ್ರ. ತಪ್ಪು ಕೀಲಿ ಹಾಕಿದರೆ ಕಾರು ಕೆಲವು ನಿಮಿಷ ಮುನಿಸಿಕೊಳ್ಳುತ್ತಿತ್ತು. ಆಮೇಲೆ ಚಿಪ್ ಬಂತು. 1998ರ ಅಕ್ಟೋಬರ್‌ನಿಂದ ಯುರೋಪ್ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಅಮೆರಿಕ ಕಡ್ಡಾಯ ಮಾಡಲಿಲ್ಲ. 2021ರ ನಂತರ ಅಲ್ಲಿನ ಹುಡುಗರು ಇಮ್ಮೊಬಿಲೈಸರ್ ಇಲ್ಲದ ಕಿಯಾ, ಹ್ಯುಂಡೈ ಕಾರುಗಳನ್ನು ಯುಎಸ್‌ಬಿ ಕೇಬಲ್ಲಿನ ತುದಿ ತಿರುಗಿಸಿ ಕದ್ದರು! ನಮ್ಮಲ್ಲಿ ಮಾರುತಿ ಇದನ್ನು ‘ಐಕ್ಯಾಟ್ಸ್’ ಎಂದು ಕರೆಯಿತು.

ಕೀಲಿಯ ಪ್ಲಾಸ್ಟಿಕ್ ತಲೆಯೊಳಗಿನ ಆ ಚಿಪ್‌ಗೆ ಬ್ಯಾಟರಿ ಇಲ್ಲ. ಕೀಲಿ ತೂತಿನ ಸುತ್ತಲಿರುವ ತಾಮ್ರದ ಸುರುಳಿಯೇ ಅದಕ್ಕೆ ಶಕ್ತಿ ಕೊಡುತ್ತದೆ. ಚಿಪ್ ತನ್ನ ಗುರುತು ಹೇಳುತ್ತದೆ, ಎಂಜಿನ್ನಿನ ಕಂಪ್ಯೂಟರ್ ಒಪ್ಪಿದರಷ್ಟೇ ಇಂಧನ. ಹಾಗಾಗಿ ರಿಮೋಟಿನ ಸೆಲ್ ಸತ್ತರೆ ಬಾಗಿಲು ತೆರೆಯಲಿಕ್ಕಿಲ್ಲ, ಕಾರು ಮಾತ್ರ ಸ್ಟಾರ್ಟ್ ಆಗುತ್ತದೆ. ಬಟನ್ ಸ್ಟಾರ್ಟ್ ಇರುವ ಹಲವು ಕಾರುಗಳಲ್ಲಿ ಕೀಲಿಯನ್ನು ಬಟನ್ನಿಗೇ ತಾಗಿಸಿ ಒತ್ತಬೇಕು.

ಈಗ ದೋಷ ಎಲ್ಲಿದೆ? ಬರೀ ‘ಟಕ್ ಟಕ್’ ಸದ್ದಾಗಿ ದೀಪಗಳು ಮಂಕಾದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ, ಅಥವಾ ಹತ್ತಿ ಎರಡು ಕ್ಷಣಕ್ಕೆ ಆರಿದರೆ, ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಕೀಲಿ ಅಥವಾ ಬೀಗದ ದೀಪ ಮಿಣುಕುತ್ತಲೇ ಇದ್ದರೆ, ಇಮ್ಮೊಬಿಲೈಸರ್ ಅಡ್ಡ ಬಂದಿರಬಹುದು. ಆಗ ತಳ್ಳಿ ಪ್ರಯೋಜನವಿಲ್ಲ. ಗೊಂಚಲಿನ ಬೇರೆ ಚಿಪ್ ಕೀಲಿಗಳನ್ನು ದೂರ ಇಟ್ಟು ನೋಡಿ. ಬ್ಯಾಟರಿ ಟರ್ಮಿನಲ್ ಸಡಿಲವೋ, ಹಸಿರು ಕಿಲುಬು ಹಿಡಿದಿದೆಯೋ ನೋಡಿ. ವೋಲ್ಟೇಜ್ ಕುಸಿದರೂ ಕಂಪ್ಯೂಟರ್ ತಬ್ಬಿಬ್ಬಾಗುತ್ತದೆ. ಕೊನೆಗೆ ಎರಡನೇ ಕೀಲಿ. ಅದರಲ್ಲಿ ಸ್ಟಾರ್ಟ್ ಆದರೆ ತಪ್ಪು ಮೊದಲ ಕೀಲಿಯದು. ಅದರಲ್ಲೂ ಆಗದಿದ್ದರೆ ಸುರುಳಿಯೋ ವೈರಿಂಗೋ ಕಂಪ್ಯೂಟರೋ, ಸ್ಕ್ಯಾನರ್ ಹಾಕಿಯೇ ಹೇಳಬೇಕು.

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಲಾಂಚ್ ವೇಳೆ ನೋಡಬೇಕಿಲ್ಲ. ಆದರೆ ಕಳೆದ ಕೀಲಿಗೆ ಬದಲಿ ಚಿಪ್ ಕೀಲಿ ಮಾಡಿಸಬೇಕೆಂದರೆ ಅದನ್ನು ಆ ಕಾರಿಗೇ ಹೊಂದಿಸಬೇಕು, ಆರ್‌ಸಿ ತೋರಿಸಬೇಕು, ದಿನಗಟ್ಟಲೆ ಕಾಯಬೇಕು. ನಮ್ಮ ಕಡೆ ಹೆಚ್ಚಿನವರು ಕೊಳ್ಳುವುದು ಸೆಕೆಂಡ್‌ಹ್ಯಾಂಡ್ ಕಾರು. ಮಾರುವವರು ಒಂದೇ ಕೀಲಿ ಕೊಟ್ಟು ‘ಇನ್ನೊಂದು ಎಲ್ಲೋ ಇದೆ’ ಎಂದರೆ, ಅದನ್ನು ಹುಡುಕಿ ಕೊಡುವವರೆಗೆ ಪೂರ್ತಿ ಹಣ ಕೊಡಬೇಡಿ.