ಅವ್ವನ ಬೀಗದ ಕೈ, ತಮ್ಮನ ಮೊಬೈಲು

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ನಮ್ಮವ್ವ ನುಗ್ಗೇಹಳ್ಳಿಯಿಂದ ಬೆಂಗಳೂರಿಗೆ, ತಮ್ಮನ ಮನೆಗೆ ಹೋಗಿದ್ದಳು. ಅವನ ಬಾಗಿಲಿಗೆ ಹೊಸ ಬೀಗ. ಮೊಬೈಲ್ ಒತ್ತಿದರೆ ತೆಗೆಯುತ್ತೆ. ಅವನು ಆಫೀಸಲ್ಲಿ, ಅವ್ವನ ಹತ್ತಿರ ಇರೋದು ಗುಂಡಿ ಒತ್ತೋ ಹಳೇ ಸೆಟ್ಟು. ಗೇಟಲ್ಲಿ ಹೆಸರು ಕೇಳಿ, ಫೋಟೋ ಹಿಡಿದು ಒಳಗೆ ಬಿಟ್ಟರಂತೆ. ಆಮೇಲೆ ಮುಕ್ಕಾಲು ಗಂಟೆ ಬಾಗಿಲ ಮುಂದೆ ಕೂತಿದ್ದಾಳೆ. ತಮ್ಮ ಮೀಟಿಂಗ್ ಮುಗಿಸಿ ಫೋನ್ ಎತ್ತಿ, ಅಲ್ಲಿಂದಲೇ ಒತ್ತಿದ. ಇಲ್ಲಿ ಬಾಗಿಲು ತೆಗೀತು. ಊರಿಗೆ ಬಂದ ಅವ್ವ ಹೇಳಿದ್ದು ಇಷ್ಟು: "ಬಾಗ್ಲೇನೋ ಚೆಂದಾಗದೆ ಕಣ್ ಮಗ. ಆದ್ರೆ ಹೊರ್ಗೆ ಕೂತಿದ್ದಾಗ ದೊಡ್ಮನೆ ಜಗ್ಲಿ ಕೆಳಗೆ ಕೂತಂಗಾಯ್ತು."

ಆ ಮಾತು ನನ್ನನ್ನ ಬಿಡ್ತಾ ಇಲ್ಲ. ಅದಕ್ಕೇ ಬರೀತಿದೀನಿ.

ನಮ್ಮಜ್ಜಿ ಕಾಲದಲ್ಲಿ ಕೇರಿಯ ಗುಡಿಸಲಿಗೆ ಇದ್ದದ್ದು ಬಿದಿರು ತಟ್ಟಿ. ನಾಯಿ ನುಗ್ಗದಿದ್ದರೆ ಸಾಕು ಅಂತ ಹಗ್ಗದಲ್ಲಿ ಕಟ್ಟೋದು. ಬೀಗ ಅನ್ನೋದು ನಮ್ಮ ಮನೆಗೆ ಬಂದದ್ದು ಜನತಾ ಮನೆ ಬಂದ ಮೇಲೆ. ಮರದ ಬಾಗಿಲು, ಕಬ್ಬಿಣದ ಚಿಲಕ, ಸಂತೆಯಲ್ಲಿ ತಂದ ಒಂದು ಬೀಗ. ಒಳಗೆ ಕದಿಯೋಕೆ ಏನೂ ಇರಲಿಲ್ಲ, ಆದರೂ ಅಜ್ಜಿ ಬೀಗ ಹಾಕಿ, ಕೈಯನ್ನ ಸೆರಗಿಗೆ ಗಂಟು ಹಾಕ್ಕೊಂಡು ಕೂಲಿಗೆ ಹೋಗೋಳು. ದೂರದ ಹೊಲ ಆದರೆ ಸೂರಿಗೆ ಸಿಕ್ಕಿಸಿ ಹೋಗೋಳು. ಅದು ಎಲ್ಲಿದೆ ಅಂತ ಇಡೀ ಬೀದಿಗೆ ಗೊತ್ತಿತ್ತು ಬಿಡಿ!

ಅದೇ ಊರಲ್ಲಿ ತೊಟ್ಟಿಮನೆಗಳ ಬಾಗಿಲು ಹಗಲೆಲ್ಲಾ ತೆಗೆದೇ ಇರ್ತಿತ್ತು. ಬೀಗ ಇಲ್ಲ, ಅಗುಳಿ ಇಲ್ಲ. ನಮ್ಮವರು ಜಗಲಿ ಕೆಳಗೆ ನಿಂತು "ಬುದ್ಧೀ" ಅಂತ ಕೂಗಬೇಕು, ಒಳಗಿನವರು ಬರೋತನಕ ಕಾಯಬೇಕು. ಯಾರು ಎಲ್ಲಿ ನಿಲ್ಲಬೇಕು ಅನ್ನೋ ಪಟ್ಟಿ ಎಲ್ಲರ ತಲೆಯೊಳಗೇ ಇದ್ದಾಗ ಬೀಗಕ್ಕೆ ಯಾಕೆ ದುಡ್ಡು ಹಾಕ್ತಾರೆ? 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ ನಮ್ಮೂರಲ್ಲೇ ಇದೆ. ಬೈಚೋಜ, ಮಲ್ಲಿತಮ್ಮ ಅನ್ನೋ ಶಿಲ್ಪಿಗಳ ಹೆಸರು ಇವತ್ತಿಗೂ ಉಳಿದಿದೆ. ಕಲ್ಲು ಹೊತ್ತವರ ಹೆಸರು ಎಲ್ಲಿದೆಯೋ!

ಈ ಪಟ್ಟಿ ಕಾಗದಕ್ಕೆ ಇಳಿದರೆ ಏನಾಗುತ್ತೆ ಅಂತ ಬಾಬಾಸಾಹೇಬರು ಅನುಭವಿಸಿದ್ದಾರೆ. ವಿದೇಶದಲ್ಲಿ ಓದಿ ಬಂದು, 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇಳಿದುಕೊಳ್ಳೋಕೆ ಜಾಗ ಇಲ್ಲ. ಪಾರ್ಸಿಗಳ ಒಂದು ತಂಗುಮನೆಗೆ ಹೋದರು. ಅಲ್ಲಿನ ರಿಜಿಸ್ಟರಲ್ಲಿ ಪಾರ್ಸಿ ಹೆಸರು ಮಾತ್ರ ಬರೆಯಬಹುದು. ನೋಡಿಕೊಳ್ಳುವವನಿಗೂ ದುಡ್ಡು ಬೇಕಿತ್ತು, ದಿನಕ್ಕೆ ಒಂದೂವರೆ ರೂಪಾಯಿಗೆ ಒಪ್ಪಿ ಪಾರ್ಸಿ ಹೆಸರು ಬರೆದುಕೊಂಡ. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪು ಮಹಡಿ ಹತ್ತಿ ಬಂತು. ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಮನೆಗೆ ಸೇರಿಸಿಕೊಳ್ಳಲಿಲ್ಲ. ಕೊಲಂಬಿಯಾದಲ್ಲಿ ಓದಿದ ಮನುಷ್ಯ ಪಾರ್ಕಲ್ಲಿ ಕೂತು, ರಾತ್ರಿ ರೈಲು ಹತ್ತಿ ಬಾಂಬೆಗೆ ಹೋದರು. ಅವರ ಕೋಣೆಯ ಬಾಗಿಲಿಗೆ ಬೀಗ ಇತ್ತೋ ಇಲ್ಲವೋ, ಇದ್ದಿದ್ದರೂ ಏನು ಪ್ರಯೋಜನ? ಅವರನ್ನ ಹೊರಗೆ ಹಾಕಿದ್ದು ರಿಜಿಸ್ಟರು. 1930ರಲ್ಲಿ ನಾಸಿಕದ ಕಾಳಾರಾಮ್ ದೇವಸ್ಥಾನಕ್ಕೆ ಸಾವಿರಾರು ಜನ ಹೊರಟಾಗ ಮಾತ್ರ ನಿಜವಾದ ಬಾಗಿಲುಗಳನ್ನೇ ಮುಚ್ಚಿದರು.

ಹಳೇ ಕಥೆ ಅನ್ನಬೇಡಿ. 2015ರಲ್ಲಿ ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ, ಬಸವೇಶ್ವರ ದೇವಸ್ಥಾನದೊಳಗೆ ಕಾಲಿಟ್ಟರು ಅಂತ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದರು. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದದ್ದು 1955ರಲ್ಲಿ. ಅರವತ್ತು ವರ್ಷ ಆಗಿತ್ತು.

ಈಗ ತಮ್ಮನ ಬೀಗಕ್ಕೆ ಬರ್ತೀನಿ. ಬಾಗಿಲ ಒಳಬದಿಗೆ ಒಂದು ಸಣ್ಣ ಮೋಟಾರು, ಬ್ಯಾಟರಿ. ಮೊಬೈಲು ಬ್ಲೂಟೂತಲ್ಲೋ ಇಂಟರ್‌ನೆಟ್ಟಲ್ಲೋ ಗುಟ್ಟಿನ ಸಂಕೇತ ಕಳಿಸುತ್ತೆ, ಮೋಟಾರು ಬೋಲ್ಟು ಎಳೆಯುತ್ತೆ. ಯಾರಿಗೆ ತೆಗೆಯಬೇಕು, ಎಷ್ಟು ಹೊತ್ತಿನ ತನಕ ಅನ್ನೋದನ್ನ ಆಪ್‌ನಲ್ಲಿ ಬರೆಯೋದು. ಯಾರು ಎಷ್ಟು ಗಂಟೆಗೆ ತೆಗೆದರು ಅನ್ನೋದೂ ದಾಖಲಾಗುತ್ತೆ. ಅಂದರೆ ಬೀಗದ ಹೊಟ್ಟೆಯೊಳಗೇ ಒಂದು ರಿಜಿಸ್ಟರು.

ತಮ್ಮ ವಾದ ಮಾಡ್ತಾನೆ: "ಅಣ್ಣ, ಈ ಬೀಗ ಜಾತಿ ಕೇಳಲ್ಲ. ಬಾಡಿಗೆ ಮನೆ ಹುಡುಕುವಾಗ ಓನರುಗಳು ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಿ ಕಳಿಸಿದ್ದು ಮರೆತ್ಯಾ?" ಮರೆತಿಲ್ಲ. ಸ್ವಂತ ಮನೆ, ಅದರ ಪಟ್ಟಿ ಅವನ ಕೈಯಲ್ಲೇ ಇದೆ ಅನ್ನೋದು ಸಣ್ಣ ಮಾತಲ್ಲ, ನನಗೂ ಹೆಮ್ಮೆಯೇ. ಆದರೆ ಪಟ್ಟಿ ಪೂರ್ತಿ ಅವನ ಕೈಯಲ್ಲಿದೆಯಾ? 2017ರಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಕಂಪನಿ ತಪ್ಪು ಅಪ್‌ಡೇಟ್ ಕಳಿಸಿ ಸುಮಾರು 500 ಬೀಗ ಕೆಟ್ಟು ಕೂತವು. ಬಾಡಿಗೆದಾರರ ಪಾಡು ಇನ್ನೂ ಕಷ್ಟ, ಅವರ ಬೀಗದ ಪಟ್ಟಿ ಇರೋದು ಓನರ್ ಹತ್ತಿರ. ನ್ಯೂಯಾರ್ಕಿನ ಒಂದು ಕಟ್ಟಡದಲ್ಲಿ ಓನರು ಮೊಬೈಲ್ ಬೀಗ ಹಾಕಿದಾಗ ಬಾಡಿಗೆದಾರರು ಕೋರ್ಟಿಗೆ ಹೋದರು. ನಾವು ಹೋಗಿ ಬರೋದನ್ನೆಲ್ಲ ಅವನು ಯಾಕೆ ನೋಡಬೇಕು, ಮೊಬೈಲ್ ಬಳಸೋಕೆ ಬಾರದ ವಯಸ್ಸಾದವರು ಏನು ಮಾಡಬೇಕು ಅಂತ. 2019ರಲ್ಲಿ ರಾಜಿಯಾಗಿ ಓನರು ಲೋಹದ ಬೀಗದ ಕೈ ಕೊಡೋಕೆ ಒಪ್ಪಿದ. ಎರಡು ವರ್ಷಕ್ಕೆ ಆ ನಗರದಲ್ಲಿ ಬಾಡಿಗೆದಾರರ ಇಂಥ ಮಾಹಿತಿ ಕಾಪಾಡೋ ಕಾನೂನೇ ಬಂತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ, ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಅಪಾರ್ಟ್‌ಮೆಂಟಿಗೆ ಪಾತ್ರೆ ತೊಳೆಯೋಕೆ, ಕಸ ಎತ್ತೋಕೆ ಹೋಗೋ ನಮ್ಮ ಹೆಣ್ಣುಮಕ್ಕಳ ಫೋಟೋ, ಬಂದ ಹೊತ್ತು, ಹೋದ ಹೊತ್ತು ಗೇಟಿನ ಆಪ್‌ಗಳಲ್ಲಿ ದಿನಾ ಬೀಳ್ತಾ ಇದೆ. ಆ ಪಟ್ಟಿ ನಮಗೂ ತೋರಿಸಿ ಅಂತ ಅವರು ಯಾರನ್ನ ಕೇಳಬೇಕು?

ಅವ್ವನ ಮಾತು ಹೇಳಿದ ಮೇಲೆ ತಮ್ಮ ಆಪ್ ತೆಗೆದು ತೋರಿಸಿದ. ಅವತ್ತಿನ ತಾರೀಖಲ್ಲಿ ಅವ್ವನ ಹೆಸರಿನ ಜಾಗದಲ್ಲಿ "ಗೆಸ್ಟ್" ಅಂತ ಇತ್ತು. ಅವನಿಗೇ ನಾಚಿಕೆಯಾಯ್ತು. ಬೀಗದ ಡಬ್ಬಿ ಹುಡುಕಿದ, ತಳದಲ್ಲಿ ಎರಡು ಲೋಹದ ಬೀಗದ ಕೈ ಇದ್ದವು, ಕವರು ಕೂಡ ಬಿಚ್ಚಿರಲಿಲ್ಲ. ಒಂದನ್ನ ಅವ್ವನಿಗೆ ಕೊಟ್ಟಿದ್ದಾನೆ. ಈಗ ಅದು ಅವಳ ಎಲೆಅಡಿಕೆ ಚೀಲದಲ್ಲಿದೆ. ಅದರಲ್ಲಿ ತೆಗೆದರೆ ಯಾರು ಬಂದರು ಅಂತ ಆಪ್‌ಗೆ ಗೊತ್ತಾಗಲ್ಲವಂತೆ.