ಸಾಮೋಪಾಯದ ಸಾಮ್ರಾಜ್ಯ

ಸಾಮ, ದಾನ, ಭೇದ, ದಂಡಗಳೆಂಬ ಚತುರುಪಾಯಗಳನ್ನು ಹೇಳುವಾಗ ನಮ್ಮ ರಾಜನೀತಿಶಾಸ್ತ್ರಕಾರರು ಸಾಮವನ್ನೇ ಮೊದಲಿಟ್ಟರು. ದಂಡದಿಂದ ರಾಜ್ಯವನ್ನು ಗಳಿಸಬಹುದು; ಗಳಿಸಿದ ರಾಜ್ಯವು ನಿಲ್ಲಬೇಕಾದರೆ ‘ಇದು ಹೀಗಿರುವುದೇ ಸಹಜ’ ಎಂಬ ಭಾವನೆಯು ಪ್ರಜೆಗಳ ಮನಸ್ಸಿನಲ್ಲಿ ಬೇರೂರಬೇಕು. ಈ ತತ್ತ್ವವು ಅರಸರಿಗೆ ಮಾತ್ರ ಸೇರಿದುದೆಂದು ತಿಳಿಯತಕ್ಕದ್ದಲ್ಲ. ಸೈನ್ಯವಿಲ್ಲದೆ, ಕೋಟೆಯಿಲ್ಲದೆ, ತಂತಿಯ ಕಂಬಗಳನ್ನೇ ಗಡಿಗಲ್ಲುಗಳಾಗಿ ನೆಟ್ಟ ಒಂದು ವ್ಯಾಪಾರಸಂಸ್ಥೆಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮುಕ್ಕಾಲು ಶತಮಾನಕ್ಕೂ ಮೀರಿ ಇದೇ ಉಪಾಯದಿಂದ ಆಳಿತು. ಅದರ ಪೂರ್ಣ ನಾಮಧೇಯವು ಅಮೆರಿಕನ್ ಟೆಲಿಫೋನ್ ಅಂಡ್ ಟೆಲಿಗ್ರಾಫ್ ಕಂಪೆನಿ. ಆ ದೇಶದ ಜನರು ಅದನ್ನು ‘ಮಾ ಬೆಲ್’, ಎಂದರೆ ‘ಬೆಲ್ ತಾಯಿ’, ಎಂದು ಕರೆಯುತ್ತಿದ್ದರು. ತಿಂಗಳು ತಿಂಗಳೂ ಹಣವನ್ನು ಕೇಳುವ ಕಂಪೆನಿಯೊಂದಕ್ಕೆ ಜನರು ತಾಯಿಯ ಹೆಸರನ್ನು, ಅದು ವಿನೋದಕ್ಕೇ ಆಗಲಿ, ಕೊಡುವಂತಾದುದು ಹೇಗೆ ಎಂಬುದು ವಿಚಾರಾರ್ಹವಾದ ಸಂಗತಿ.

1876ನೆಯ ಇಸವಿ ಮಾರ್ಚಿ 7ನೆಯ ತಾರೀಖಿನಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೆ ಟೆಲಿಫೋನಿನ ಪೇಟೆಂಟು ದೊರೆಯಿತು. ಹದಿನೇಳು ವರ್ಷಗಳ ಕಾಲ ಆ ಯಂತ್ರವನ್ನು ಮತ್ತಾರೂ ಮಾಡುವಂತಿರಲಿಲ್ಲ. ಆ ಕಾಲವೆಲ್ಲ ಶುದ್ಧ ದಂಡೋಪಾಯದ ಕಾಲ. ತನ್ನ ಹಕ್ಕಿನ ರಕ್ಷಣೆಗಾಗಿ ಕಂಪೆನಿಯು ನಡೆಸಿದ ವ್ಯಾಜ್ಯಗಳು ಆರುನೂರರಷ್ಟು. 1893 ಮತ್ತು 1894ರಲ್ಲಿ ಮುಖ್ಯವಾದ ಪೇಟೆಂಟುಗಳ ಅವಧಿಯು ತೀರಿತು. ಒಡನೆಯೇ ಕಟ್ಟೆಯೊಡೆದ ಕೆರೆಯಂತೆ ಸ್ವತಂತ್ರ ಕಂಪೆನಿಗಳು ಊರೂರಿನಲ್ಲಿಯೂ ಹುಟ್ಟಿಕೊಂಡವು. ಬೆಲ್ಲಿನವರು ಲಾಭವಿಲ್ಲವೆಂದು ಕಡೆಗಣಿಸಿದ್ದ ಹಳ್ಳಿಗಳಲ್ಲಿ ಒಕ್ಕಲಿಗರೇ ಕೂಡಿ ತಂತಿಯನ್ನೆಳೆದರು. ಕೆಲವೆಡೆ ಹೊಲದ ಬೇಲಿಯ ತಂತಿಯ ಮೂಲಕವೇ ಮಾತು ಹರಿಯಿತು. ಬೆಲ್ ಕಂಪೆನಿಯು ಈ ಸ್ವತಂತ್ರರಿಗೆ ತನ್ನ ದೂರದ ಮಾರ್ಗಗಳ ಸಂಬಂಧವನ್ನು ಕೊಡಲೊಲ್ಲದು. ತನ್ನ ಕಾರ್ಖಾನೆಯ ಉಪಕರಣಗಳನ್ನು ಮಾರಲೊಲ್ಲದು. ಪೈಪೋಟಿಯಿದ್ದ ಊರಿನಲ್ಲಿ ದರವನ್ನಿಳಿಸಿ ಎದುರಾಳಿಯನ್ನು ಸೊರಗಿಸಿ ಕೊಂಡುಕೊಳ್ಳುವುದೂ ಉಂಟು. ಇದರ ಫಲವಾಗಿ ಅದಕ್ಕೆ ಬಂದದ್ದು ಸಾಲ ಮತ್ತು ಜನದ್ವೇಷ. 1907ರ ಹೊತ್ತಿಗೆ ಆ ದೇಶದ ಟೆಲಿಫೋನುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬೆಲ್ಲಿನ ಹೊರಗಿದ್ದವು.

ಅದೇ ವರ್ಷ ಮಾರ್ಗನ್ ಮೊದಲಾದ ಸಾಹುಕಾರರ ಕೈಗೆ ಕಂಪೆನಿಯ ಸೂತ್ರವು ಬಂದಿತು. ಅವರು ಅಧ್ಯಕ್ಷಪೀಠಕ್ಕೆ ಕರೆತಂದವನು ಥಿಯೊಡೋರ್ ವೇಲ್ ಎಂಬಾತನು. ಈತನು ಮೊದಲು ರೈಲ್ವೆ ಟಪ್ಪಾಲಿನ ಇಲಾಖೆಯಲ್ಲಿ ಹೆಸರುಗಳಿಸಿದ್ದನು. 1878ರಿಂದ ಬೆಲ್ ಕಂಪೆನಿಯ ಕಾರ್ಯಭಾರವನ್ನು ಹೊತ್ತು, 1887ರಲ್ಲಿ ಬಿಟ್ಟು ಹೋಗಿದ್ದನು. ಅರುವತ್ತು ದಾಟಿದ ಮೇಲೆ ಮತ್ತೆ ಬಂದ ಈ ವೃದ್ಧನು ಕಂಡುಕೊಂಡ ಸತ್ಯವು ಒಂದೇ: ಜನರು ಏಕಸ್ವಾಮ್ಯವನ್ನು ದ್ವೇಷಿಸುವವರೆಗೆ ಏಕಸ್ವಾಮ್ಯವು ಬಾಳದು. ಬೇರೆಯವನಾಗಿದ್ದರೆ ಏಕಸ್ವಾಮ್ಯವನ್ನು ಮರೆಮಾಚಲು ಹೊರಡುತ್ತಿದ್ದನು. ವೇಲನು ಹಾಗೆ ಮಾಡಲಿಲ್ಲ. ಅದನ್ನೇ ಒಂದು ಸದ್ಗುಣವೆಂದು ಜನರ ಮುಂದಿಟ್ಟನು.

1908ರಲ್ಲಿ ಫಿಲಡೆಲ್ಫಿಯಾ ನಗರದ ಏಯರ್ ಎಂಬ ಜಾಹಿರಾತಿನ ಸಂಸ್ಥೆಯ ಮೂಲಕ ದೇಶದ ದೊಡ್ಡ ಮಾಸಪತ್ರಿಕೆಗಳಲ್ಲಿ ಬೆಲ್ಲಿನ ಪ್ರಕಟನೆಗಳು ಕಾಣಿಸಿಕೊಂಡವು. ‘ಒಂದು ನೀತಿ, ಒಂದು ವ್ಯವಸ್ಥೆ, ಸಾರ್ವತ್ರಿಕ ಸೇವೆ’ ಎಂಬ ಮೂರು ನುಡಿಗಳು ಅವುಗಳ ಬಿರುದಾದವು. ಟೆಲಿಫೋನನ್ನು ಕೊಳ್ಳಿರೆಂದು ಕೇಳುವುದು ಈ ಪ್ರಕಟನೆಗಳ ಮುಖ್ಯ ಉದ್ದೇಶವಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸರಕನ್ನು ಮಾರುವ ಜಾಹಿರಾತು ಹಳೆಯದು. ಇವರು ಮಾರಲು ಹೊರಟದ್ದು ಒಂದು ಅಭಿಪ್ರಾಯವನ್ನು. ಒಂದು ಚಿತ್ರದಲ್ಲಿ ಟೆಲಿಫೋನು ಆಪರೇಟರಾದ ತರುಣಿಯು ದೈತ್ಯಾಕಾರದಲ್ಲಿ ಕುಳಿತು, ಊರುಗಳ ಮೇಲೂ ಹೊಲಗಳ ಮೇಲೂ ತಂತಿಗಳನ್ನು ನೂಲಿನಂತೆ ಹಿಡಿದಿದ್ದಾಳೆ. ಆಕೆ ‘ಮಾತಿನ ನೇಕಾರಳು’. ಮಗ್ಗವು ಒಂದೇ ಇರಬೇಕು, ಇಲ್ಲವಾದರೆ ಬಟ್ಟೆಯು ಹರಿದೀತು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾದ ಪ್ರಮೇಯವೇ ಇಲ್ಲ. ಮತ್ತೊಂದು ಚಿತ್ರದ ನಾಯಕನು ಆಂಗಸ್ ಮೆಕ್‌ಡೊನಾಲ್ಡ್ ಎಂಬ ಲೈನ್‌ಮನ್. 1888ರ ಘೋರ ಹಿಮಪಾತದಲ್ಲಿ ನ್ಯೂಯಾರ್ಕಿಗೂ ಬಾಸ್ಟನ್ನಿಗೂ ನಡುವಣ ತಂತಿಯು ಕಡಿಯದಂತೆ ಹಿಮಪಾದುಕೆ ಮೆಟ್ಟಿ ಕಾದವನು ಈತ. ‘ಸೇವಾಧರ್ಮ’ದ ಮೂರ್ತಿಯೆಂದು ಈತನ ಚಿತ್ರವನ್ನು ಕಂಪೆನಿಯು ಎಲ್ಲೆಡೆಯೂ ಹರಡಿತು. ಆ ಲೈನ್‌ಮನ್ನನ ಶ್ರಮವು ಸುಳ್ಳಲ್ಲ. ಅಂತಹ ಶ್ರಮವನ್ನು ಸ್ವತಂತ್ರ ಕಂಪೆನಿಯ ಲೈನ್‌ಮನ್ನರೂ ಮಾಡಿದ್ದರು; ಅವರ ಚಿತ್ರವನ್ನು ಬರೆಯಿಸುವವರು ಮಾತ್ರ ಯಾರೂ ಇರಲಿಲ್ಲ.

‘ಸಾರ್ವತ್ರಿಕ ಸೇವೆ’ ಎಂಬ ಶಬ್ದದ ಚರಿತ್ರೆಯಂತೂ ಶಬ್ದಾರ್ಥವಿಚಾರದಲ್ಲಿ ಆಸಕ್ತಿಯುಳ್ಳವರು ಮನನ ಮಾಡತಕ್ಕದ್ದು. ಆಗ ಅನೇಕ ಊರುಗಳಲ್ಲಿ ಎರಡೆರಡು ಟೆಲಿಫೋನು ಕಂಪೆನಿಗಳಿದ್ದು, ಒಂದರ ಚಂದಾದಾರನು ಮತ್ತೊಂದರ ಚಂದಾದಾರನೊಡನೆ ಮಾತನಾಡುವಂತಿರಲಿಲ್ಲ. ವರ್ತಕನ ಅಂಗಡಿಯಲ್ಲಿ ಎರಡು ಯಂತ್ರಗಳು, ಎರಡು ಚಂದಾ. ಇದು ನಿಜವಾದ ತೊಡಕೇ. ಎಲ್ಲರನ್ನೂ ಒಂದೇ ಜಾಲಕ್ಕೆ ಸೇರಿಸುವುದೆಂಬುದೇ ವೇಲನ ಮಾತಿನ ಮೂಲಾರ್ಥವಾಗಿತ್ತು. ಬಡವನ ಮನೆಗೂ ಟೆಲಿಫೋನನ್ನು ಕೊಡುವೆವೆಂಬ ವಾಗ್ದಾನವು ಅದರಲ್ಲಿರಲಿಲ್ಲ. 1920ರಲ್ಲಿಯೂ ಆ ದೇಶದ ಮನೆಗಳಲ್ಲಿ ಮೂರರಲ್ಲೊಂದಕ್ಕೆ ಮಾತ್ರವೇ ಟೆಲಿಫೋನಿದ್ದಿತು. ಆದರೂ ಕಾಲಕ್ರಮದಲ್ಲಿ ಎರಡನೆಯ ಅರ್ಥವೇ ಮುಂದೆ ಬಂದು, ಮೊದಲನೆಯದು ಹಿಂದೆ ಸರಿಯಿತು. 1976ರಲ್ಲಿ ಪೈಪೋಟಿಯನ್ನು ಕಾಯಿದೆಯ ಮೂಲಕ ತಡೆಯಲು ಕಂಪೆನಿಯು ಮಸೂದೆಯೊಂದನ್ನು ಬೆಂಬಲಿಸಿದಾಗ, ಸಾಮಾನ್ಯನ ಮನೆಯ ಟೆಲಿಫೋನಿಗೆ ಅಪಾಯ ಒದಗುವುದೆಂಬ ಭಯವನ್ನೇ ಮುಂದಿಟ್ಟಿತು. ಮಸೂದೆಯು ಅಂಗೀಕೃತವಾಗಲಿಲ್ಲ.

ಇನ್ನು ಪತ್ರಿಕೆಗಳ ವಿಚಾರ. ವೇಲನ ಪ್ರಚಾರಕಾರ್ಯವನ್ನು ನಡೆಸಿದ ಎಲ್ಸ್‌ವರ್ತ್ ಎಂಬಾತನು ಬಾಸ್ಟನ್ನಿನ ಪಬ್ಲಿಸಿಟಿ ಬ್ಯೂರೋ ಎಂಬ ಸಂಸ್ಥೆಯಲ್ಲಿ ಪಳಗಿದ್ದವನು. ಸಿದ್ಧಪಡಿಸಿದ ಲೇಖನಗಳನ್ನು ಸಂಪಾದಕರಿಗೆ ಒದಗಿಸುವುದು ಆ ಸಂಸ್ಥೆಯ ವೃತ್ತಿ. ಲೇಖನವು ಎಲ್ಲಿಂದ ಬಂದಿತೆಂಬುದನ್ನು ಓದುಗನು ಅರಿಯನು. ಜಾಹಿರಾತಿನ ಹಣವನ್ನು ಪಡೆಯುವ ಪತ್ರಿಕೆಗೆ ಕಂಪೆನಿಯ ಮೇಲೆ ಕಟುವಾಗಿ ಬರೆಯಲು ಲೇಖನಿಯು ಏಳುವುದು ಕಷ್ಟ. ಇದು ದಾನೋಪಾಯ. ಸ್ವತಂತ್ರ ಕಂಪೆನಿಗಳಲ್ಲಿ ತನ್ನೊಡನೆ ಪೈಪೋಟಿ ಮಾಡದವುಗಳಿಗೆ ಸಂಬಂಧವನ್ನು ಕೊಟ್ಟು, ಅವುಗಳ ಒಕ್ಕಟ್ಟನ್ನು ಮುರಿದದ್ದು ಭೇದ. ಚಂದಾದರವನ್ನು ಸರಕಾರದ ಮಂಡಲಿಯು ನಿರ್ವಹಣೆಯ ವೆಚ್ಚವನ್ನು ನೋಡಿ ಗೊತ್ತುಪಡಿಸುವಂತಾದ ಮೇಲೆ ಜಾಹಿರಾತಿನ ಖರ್ಚೂ ಆ ವೆಚ್ಚದೊಳಗೇ ಸೇರಿತು. ಹೀಗೆ, ತನ್ನ ಮನಸ್ಸನ್ನು ಒಲಿಸಿಕೊಳ್ಳುವ ಖರ್ಚನ್ನು ಚಂದಾದಾರನೇ ತೆತ್ತನು.

ಆ ಮಂಡಲಿಗಳ ಕಥೆಯೂ ಸೋಜಿಗದ್ದೇ. 1907ರಲ್ಲಿ ವಿಸ್ಕಾನ್ಸಿನ್ ಪ್ರಾಂತವು ಟೆಲಿಫೋನುಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. ಉಳಿದ ವ್ಯಾಪಾರಸ್ಥರು ಸರಕಾರದ ಹೆಸರನ್ನು ಕೇಳಿ ಬೆಚ್ಚುತ್ತಿದ್ದರೆ, ವೇಲನು ತನ್ನ ವಾರ್ಷಿಕ ವರದಿಗಳಲ್ಲಿ ನಿಯಂತ್ರಣವನ್ನು ತಾನಾಗಿಯೇ ಸ್ವಾಗತಿಸಿದನು. ಪೈಪೋಟಿಯ ಬದಲು ನಿಯಂತ್ರಣವಿರಲಿ ಎಂಬುದು ಅವನ ವಾದ. ಬೇಲಿಯು ಹಸುವನ್ನು ಒಳಗಿಡುವುದೆಂದು ಜನರು ತಿಳಿದರು. ಇತರ ಹಸುಗಳನ್ನು ಹೊರಗಿಡುವುದೂ ಅದೇ ಬೇಲಿ. 1909ರಲ್ಲಿ ವೆಸ್ಟರ್ನ್ ಯೂನಿಯನ್ ಎಂಬ ತಂತೀ ಕಂಪೆನಿಯ ಹಿಡಿತವೂ ಅವನಿಗೆ ಸಿಕ್ಕಿದಾಗ ಸರಕಾರವು ಎಚ್ಚೆತ್ತಿತು. ಮೊಕದ್ದಮೆಯ ಭಯವು ತಲೆದೋರಲು, 1913ನೆಯ ಡಿಸೆಂಬರು 19ರಂದು ಉಪಾಧ್ಯಕ್ಷ ಕಿಂಗ್ಸ್‌ಬರಿಯು ಸರಕಾರದ ಅಟಾರ್ನಿ ಜನರಲನಿಗೆ ಒಂದು ಪತ್ರವನ್ನು ಬರೆದನು. ತಂತೀ ಕಂಪೆನಿಯನ್ನು ಬಿಟ್ಟುಕೊಡುವೆವು, ಸ್ವತಂತ್ರರಿಗೆ ದೂರದ ಮಾರ್ಗಗಳ ಸಂಬಂಧವನ್ನು ಕೊಡುವೆವು, ಪೈಪೋಟಿಯಲ್ಲಿರುವ ಕಂಪೆನಿಗಳನ್ನು ಅನುಮತಿಯಿಲ್ಲದೆ ಕೊಳ್ಳೆವು ಎಂಬುದು ಅದರ ಸಾರಾಂಶ. ಬೆಲ್ ಕಂಪೆನಿಯು ಮಣಿಯಿತೆಂದು ಲೋಕವು ಹೊಗಳಿತು. ಆದರೆ ಒಂದೇ ಊರಿನ ಎರಡು ಜಾಲಗಳನ್ನು ಬೆಸೆಯುವ ಮಾತು ಅದರಲ್ಲಿರಲಿಲ್ಲ. ಪೈಪೋಟಿಯಿಲ್ಲದ ಕಂಪೆನಿಗಳನ್ನು ಕೊಳ್ಳಲು ಅಡ್ಡಿಯೂ ಇರಲಿಲ್ಲ. 1921ರ ವಿಲ್ಲಿಸ್–ಗ್ರಹಾಂ ಕಾಯಿದೆಯಿಂದ, ಮಂಡಲಿಯು ಒಪ್ಪಿದರೆ ಪೈಪೋಟಿಯ ಕಂಪೆನಿಗಳನ್ನೂ ಕೊಳ್ಳುವ ದಾರಿಯು ತೆರೆಯಿತು.

ನಡುವೆ 1918ರ ಆಗಸ್ಟಿನಿಂದ ಒಂದು ವರ್ಷ, ಯುದ್ಧದ ಕಾರಣದಿಂದ, ಟೆಲಿಫೋನುಗಳು ಅಂಚೆ ಮಂತ್ರಿ ಬರ್ಲ್‌ಸನ್ನನ ಅಧೀನಕ್ಕೆ ಹೋದವು. ಸಂಬಂಧ ಕೊಡುವುದಕ್ಕೆ ಹೊಸ ಶುಲ್ಕ ಬಂದಿತು. ದೂರದ ಮಾತಿನ ದರವೇರಿತು. ಬೈಗುಳವೆಲ್ಲ ಸರಕಾರಕ್ಕೆ, ಏರಿದ ದರವು ಮಾತ್ರ ಬೆಲ್ಲಿಗೆ. ಆ ಬಳಿಕ ಟೆಲಿಫೋನನ್ನು ರಾಷ್ಟ್ರದ ಸ್ವತ್ತಾಗಿಸಬೇಕೆಂಬ ಕೂಗು ಆ ದೇಶದಲ್ಲಿ ಬಲವಾಗಿ ಏಳಲಿಲ್ಲ.

ನಿಷ್ಪಕ್ಷಪಾತಿಯಾದವನು ಒಂದು ಮಾತನ್ನು ಒಪ್ಪಲೇಬೇಕು: ಕಂಪೆನಿಯ ಕೆಲಸವು ಉತ್ತಮವಾಗಿತ್ತು. 1915ನೆಯ ಜನವರಿ 25ರಂದು ಬೆಲ್ಲನು ನ್ಯೂಯಾರ್ಕಿನಲ್ಲಿಯೂ, ಅವನ ಹಳೆಯ ಸಹಾಯಕ ವಾಟ್ಸನ್ನನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ ಕುಳಿತು ಒಂದು ಖಂಡದ ಉದ್ದಗಲವನ್ನು ದಾಟಿ ಮಾತನಾಡಿದರು. ಬೆಲ್ ಪ್ರಯೋಗಶಾಲೆಯಲ್ಲಿ 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಈ ಸತ್ಯಗಳಿದ್ದುದರಿಂದಲೇ ಪ್ರಚಾರವು ಫಲಿಸಿತು. ಕೇವಲ ಸುಳ್ಳಿನ ಮೇಲೆ ಕಟ್ಟಿದ್ದರೆ ಹತ್ತು ವರ್ಷವೂ ನಿಲ್ಲುತ್ತಿರಲಿಲ್ಲ. ಕೆಲಸವು ಚೆನ್ನಾಗಿದೆ ಎಂಬುದರಿಂದ, ಬೇರೊಬ್ಬರು ಆ ಕೆಲಸವನ್ನು ಮಾಡಲಾರರು ಎಂಬುದಕ್ಕೆ ಜನರ ಮನಸ್ಸು ತಿಳಿಯದಂತೆಯೇ ಜಾರಿತು. ಹೇತುವಿಲ್ಲದ ಈ ಅನುಮಾನವನ್ನು ತರ್ಕಶಾಲೆಯ ಮೊದಲ ತರಗತಿಯ ವಿದ್ಯಾರ್ಥಿಯೂ ಒಪ್ಪನು.

1927ರಿಂದ ಆರ್ಥರ್ ಪೇಜ್ ಎಂಬ ಉಪಾಧ್ಯಕ್ಷನು ಈ ವಿಭಾಗವನ್ನು ನಡೆಸಿದನು. ವಿಧವೆಯರ, ಅನಾಥರ ಉಳಿತಾಯಕ್ಕೆ ತಕ್ಕ ಷೇರು ಎಂಬ ಖ್ಯಾತಿಯು ಬೆಲ್ಲಿನ ಷೇರಿಗಿದ್ದಿತು. 1930ರ ದಶಕದ ಮಹಾ ಆರ್ಥಿಕ ಮುಗ್ಗಟ್ಟಿನಲ್ಲಿ ಲಕ್ಷಕ್ಕೂ ಮೀರಿದ ನೌಕರಿಗಳು ಕಡಿಮೆಯಾದುವು. ಷೇರೊಂದಕ್ಕೆ 9 ಡಾಲರಿನ ವಾರ್ಷಿಕ ಲಾಭಾಂಶವು ಮಾತ್ರ ಒಂದು ಕಾಸೂ ಕಡಿಮೆಯಾಗಲಿಲ್ಲ. ವಿಧವೆಯರ ಹೆಸರನ್ನು ಕೇಳಿದವರಿಗೆ, ಕೆಲಸ ಹೋದ ಆಪರೇಟರು ಹುಡುಗಿಯರ ನೆನಪಾಗಲಿಲ್ಲ. 1935ರಲ್ಲಿ ಶಾಸನಸಭೆಯ ಅಪ್ಪಣೆಯಂತೆ ಹೊಸದಾದ ಸಂಪರ್ಕಮಂಡಲಿಯು ಈ ಕಂಪೆನಿಯ ದೀರ್ಘವಿಚಾರಣೆಯನ್ನು ಆರಂಭಿಸಿತು. 1938ರಲ್ಲಿ ಮಂಡಲಿಯ ಸದಸ್ಯ ಪಾಲ್ ವಾಕರನು ಸಿದ್ಧಪಡಿಸಿದ ಕರಡು ವರದಿಯು ಕಠೋರವಾಗಿತ್ತು. 1939ರಲ್ಲಿ ಹೊರಬಿದ್ದ ಅಂತಿಮ ವರದಿಯು ಬಹಳ ಮೆದುವಾಗಿತ್ತು.

ಸ್ಥಾಲೀಪುಲಾಕನ್ಯಾಯದಿಂದ ಒಂದು ಅಗುಳನ್ನು ಹಿಚುಕಿ ನೋಡುವುದಾದರೆ, ‘ಹಷ್-ಎ-ಫೋನ್’ ಎಂಬ ಪುಟ್ಟ ಉಪಕರಣದ ಕಥೆಯೇ ಸಾಕು. ಅದು ಟೆಲಿಫೋನಿನ ಬಾಯಿಗೆ ಸಿಕ್ಕಿಸುವ ಒಂದು ಬಟ್ಟಲು. ಮಾತನಾಡುವವನ ಧ್ವನಿಯು ಪಕ್ಕದವನಿಗೆ ಕೇಳಿಸದಂತೆ ಮಾಡುವುದಷ್ಟೇ ಅದರ ಕೆಲಸ. ವಿದ್ಯುತ್ತಿನ ಸೋಂಕೂ ಅದಕ್ಕಿಲ್ಲ. ಮನೆಯಲ್ಲಿದ್ದ ಟೆಲಿಫೋನು ಚಂದಾದಾರನದಲ್ಲ, ಕಂಪೆನಿಯದು. ಅದಕ್ಕೆ ಹೊರಗಿನ ಯಾವ ವಸ್ತುವನ್ನೂ ಸೇರಿಸಕೂಡದೆಂಬ ನಿಬಂಧನೆಯಿದ್ದಿತು. ಇಂತಹ ಬಟ್ಟಲುಗಳು ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾದ ಮೇಲೆ, ಅವುಗಳಿಂದ ಧ್ವನಿಯು ಕೆಟ್ಟು ಸೇವೆಗೆ ಕುಂದು ಬರುವುದೆಂದು ಬೆಲ್ಲಿನವರು ವಾದಿಸಿದರು. ತಯಾರಕರು 1948ರಲ್ಲಿ ಮಂಡಲಿಗೆ ದೂರಿತ್ತರು. ಏಳು ವರ್ಷ ಆಲೋಚಿಸಿ, 1955ರಲ್ಲಿ ಮಂಡಲಿಯು ಬಟ್ಟಲಿಗೆ ವಿರುದ್ಧವಾಗಿ ತೀರ್ಪಿತ್ತಿತು! ಕಂಪೆನಿಯು ಐವತ್ತು ವರ್ಷಗಳಿಂದ ಕಲಿಸಿದ್ದ ಪಾಠವನ್ನು ಅದನ್ನು ಕಾಯಬೇಕಾದ ನ್ಯಾಯಾಸನವೇ ಒಪ್ಪಿಸಿದಂತಾಯಿತು. 1956ರ ನವೆಂಬರಿನಲ್ಲಿ ಮೇಲಿನ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಚಂದಾದಾರನು ತನ್ನ ಅಂಗೈಯನ್ನು ಬಟ್ಟಲಿನಂತೆ ಮಡಿಸಿ ಅದರೊಳಗೆ ಮಾತನಾಡಬಹುದಾದರೆ, ಅದೇ ಕೆಲಸವನ್ನು ಉಪಕರಣದಿಂದ ಮಾಡಬಾರದೆನ್ನುವುದು ನ್ಯಾಯವೂ ಅಲ್ಲ, ಯುಕ್ತವೂ ಅಲ್ಲ ಎಂಬುದು ನ್ಯಾಯಾಧೀಶರ ಅಭಿಪ್ರಾಯ.

ಆ ಬಿರುಕಿನಿಂದಲೇ ಗೋಡೆಯು ಸಡಿಲವಾಯಿತು. 1968ರಲ್ಲಿ ಕಾರ್ಟರ್‌ಫೋನ್ ಎಂಬ ಮತ್ತೊಂದು ಉಪಕರಣದ ಮೊಕದ್ದಮೆಯಲ್ಲಿ ಮಂಡಲಿಯೇ ಹೊರಗಿನ ಯಂತ್ರಗಳಿಗೆ ಎಡೆಗೊಟ್ಟಿತು. 1974ರಲ್ಲಿ ಸರಕಾರವು ಹೂಡಿದ ವ್ಯಾಜ್ಯವು 1982ರಲ್ಲಿ ರಾಜಿಯಾಗಿ, 1984ನೆಯ ಜನವರಿ 1ರಂದು ಬೆಲ್ಲಿನ ಪ್ರಾಂತೀಯ ವ್ಯವಸ್ಥೆಯು ಏಳು ಪ್ರತ್ಯೇಕ ಕಂಪೆನಿಗಳಾಗಿ ಮೂಲಸಂಸ್ಥೆಯಿಂದ ಬೇರ್ಪಟ್ಟಿತು. ಎರಡೆರಡು ಬಿಲ್ಲುಗಳು ಬರತೊಡಗಿದಾಗ, ಹಿಂದಿನದೇ ಚೆನ್ನಾಗಿತ್ತೆಂದು ಗೊಣಗಿದವರು ಅನೇಕರು. 2005ರಲ್ಲಿ ಆ ಏಳರಲ್ಲಿ ಒಂದರ ಉತ್ತರಾಧಿಕಾರಿಯಾದ ಟೆಕ್ಸಾಸ್ ಪ್ರಾಂತದ ಕಂಪೆನಿಯು ಸೊರಗಿದ್ದ ಮೂಲಸಂಸ್ಥೆಯನ್ನೇ ಕೊಂಡುಕೊಂಡಿತು. ಕೊಂಡ ಮೇಲೆ ತನ್ನ ಹೆಸರನ್ನು ಬಿಟ್ಟು, ಆ ಹಳೆಯ ಹೆಸರನ್ನೇ ತಾನಿಟ್ಟುಕೊಂಡಿತು.